ದೊಡ್ಡಮ್ಮ ನನ್ನ ಕಾದಂಬರಿಯನ್ನು ನಂಬಿದ್ದು

ಪುಸ್ತಕ ಬರೆದವರಿಗೆ ಓದುಗರು ಬೇಕು ಎನ್ನುವುದು ಎಲ್ಲರಿಗೂ ಗೊತ್ತಿರುವ ಮಾತು. ಆದರೆ ಓದುಗರು ನಿಜಕ್ಕೂ ಸಿಕ್ಕಿಬಿಟ್ಟರೆ ಅವರನ್ನು ಏನು ಮಾಡಬೇಕೆಂದು ಯಾರೂ ಹೇಳಿಕೊಡುವುದಿಲ್ಲ. ಬನ್ನಿ ಬನ್ನಿ ಎಂದು ವರ್ಷವಿಡೀ ನೆಂಟರನ್ನು ಕರೆದು, ಅವರು ಚೀಲ ಹಿಡಿದು ಗೇಟಿನ ಬಳಿ ಇಳಿದಾಗ ಮನೆಯಲ್ಲಿ ಚಾಪೆ ಉಂಟೋ ಇಲ್ಲವೋ ಎಂದು ಹುಡುಕುವವರ ಪಾಡು ನನ್ನದಾಯಿತು. ನಿಮಗೂ ಕಾದಂಬರಿ ಬರೆಯುವ ಯೋಚನೆ ಇದ್ದರೆ ಇದನ್ನು ಓದಿ, ಆಮೇಲೆ ಪೆನ್ನು ಹಿಡಿಯುವುದು ಕ್ಷೇಮ.

ನಾನು ಮಂಗಳೂರಿನ ಕೊಟ್ಟಾರದ ಒಂದು ಜೀವವಿಮೆ ಕಚೇರಿಯಲ್ಲಿ ಕ್ಲೇಮ್ ವಿಭಾಗದಲ್ಲಿ ಕೂರುವವಳು. ಸತ್ತವರು ನಿಜವಾಗಿಯೂ ಸತ್ತಿದ್ದಾರೆ ಎಂದು ಖಚಿತಪಡಿಸಿಕೊಳ್ಳುವುದು ನನ್ನ ಕೆಲಸ. ಇಂಥವಳು ಮನೆಗೆ ಬಂದು ಕಾಲು ತೊಳೆದು, ಸತ್ತವರು ಮತ್ತೆ ಮತ್ತೆ ಹುಟ್ಟುತ್ತಾರೆ ಎಂದು ಮುನ್ನೂರು ಪುಟ ಬರೆದರೆ ಅದನ್ನು ಏನೆಂದು ಕರೆಯಬೇಕು? ನಮ್ಮ ಮ್ಯಾನೇಜರು ಅದನ್ನು ವೃತ್ತಿದ್ರೋಹ ಎಂದು ಕರೆಯಲಿಲ್ಲ, ಅಷ್ಟು ದೊಡ್ಡ ಮನಸ್ಸು ಅವರದು. "ಮೇಡಂ, ಪುಸ್ತಕ ಒಳ್ಳೇದುಂಟು. ಆದ್ರೆ ಪಾಲಿಸಿ ಮಾಡಿಸುವ ಪಾರ್ಟಿಗಳಿಗೆ ತೋರಿಸ್ಬೇಡಿ, ಆಯ್ತಾ? ನಾನೇ ಮತ್ತೆ ಹುಟ್ಟಿ ಬಂದದ್ದು, ಹಳೇ ಪಾಲಿಸಿ ಮುಂದುವರಿಸಿ ಅಂತ ಯಾರಾದ್ರೂ ಕೌಂಟರಿಗೆ ಬಂದ್ರೆ ನಾವು ಎಂತ ಮಾಡುವುದು?" ಎಂದಷ್ಟೇ ಹೇಳಿದರು.

ಕಾದಂಬರಿಯ ಹೆಸರು 'ಶನಿವಾರ ಒಲೆ ಹಚ್ಚದವಳು'. ಕತೆ ಹೀಗೆ. ನೂರಾರು ವರ್ಷಗಳ ಹಿಂದೆ ಕರಿಮೆಣಸಿನ ವ್ಯಾಪಾರಕ್ಕೆಂದು ಕಡಲು ದಾಟಿ ಬಂದ ಒಬ್ಬ ಯಹೂದಿ ನಮ್ಮ ಈ ಕರಾವಳಿಯಲ್ಲೇ ಉಳಿದು, ಇಲ್ಲೇ ಸಾಯುತ್ತಾನೆ. ಅವರ ಧರ್ಮದಲ್ಲಿ ಸತ್ತವನಿಗಾಗಿ ಹೇಳಬೇಕಾದ ಒಂದು ಪ್ರಾರ್ಥನೆ ಉಂಟು, ಅದಕ್ಕೆ ಹತ್ತು ಮಂದಿ ಗಂಡಸರು ಸೇರಬೇಕು. ಇವನಿಗೆ ಹತ್ತು ಮಂದಿ ಎಲ್ಲಿಂದ ಸಿಗಬೇಕು? ಪ್ರಾರ್ಥನೆ ಆಗುವುದಿಲ್ಲ, ಜೀವಕ್ಕೆ ನೆಲೆ ಸಿಗುವುದಿಲ್ಲ. ಹಾಗಾಗಿ ಅವನು ಇದೇ ಊರುಗಳಲ್ಲಿ ಹುಟ್ಟಿ ಹುಟ್ಟಿ, ಕೊನೆಗೆ ನಮ್ಮ ಕಾಲದಲ್ಲಿ ವಾಮಂಜೂರಿನ ಒಂದು ತುಳು ಮನೆಯಲ್ಲಿ ಹೆಣ್ಣುಮಗುವಾಗುತ್ತಾನೆ. ಆ ಹುಡುಗಿ ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಕಡ್ಡಿ ಗೀರುವುದಿಲ್ಲ, ಶನಿವಾರ ಒಲೆ ಹಚ್ಚುವುದಿಲ್ಲ; ಯಹೂದಿಗಳಿಗೆ ಅದು ಬೆಂಕಿ ಹೊತ್ತಿಸಬಾರದ ವಿಶ್ರಾಂತಿಯ ದಿನ. ಮನೆಯವರು ಇದನ್ನು ಸೋಮಾರಿತನ ಎಂದು ತಿಳಿಯುತ್ತಾರೆ.

ಯಹೂದಿಗಳ ಬದುಕಿನ ಬಗ್ಗೆ ನನಗೆ ಏನು ಗೊತ್ತಿತ್ತು ಎಂದು ನೀವು ಕೇಳಬಹುದು. ಕೇಳದಿದ್ದರೆ ನನಗೆ ಒಳ್ಳೆಯದಿತ್ತು. ಒಮ್ಮೆ ಆಫೀಸಿನವರೆಲ್ಲ ಸೇರಿ ಕೊಚ್ಚಿಗೆ ಟೂರ್ ಹೋಗಿದ್ದೆವು. ಅಲ್ಲಿನ ಹಳೆಯ ಯಹೂದಿ ಪ್ರಾರ್ಥನಾಮಂದಿರದ ಒಳಗೆ ನೀಲಿ ಬಣ್ಣದ ಚಿತ್ತಾರವಿದ್ದ ನೆಲದ ಬಿಲ್ಲೆಗಳ ಮೇಲೆ ಬರಿಗಾಲಿನಲ್ಲಿ ಐದು ನಿಮಿಷ ನಿಂತಿದ್ದೆ. ಉಳಿದ ಸಮಯವೆಲ್ಲ ಹೊರಗೆ ಬಿಟ್ಟ ಚಪ್ಪಲಿ ಹುಡುಕುವುದರಲ್ಲಿ ಹೋಯಿತು. ಆಮೇಲೆ ಕೆಲವು ಪುಸ್ತಕ ತರಿಸಿ ಓದಿದೆ. ಅವರಲ್ಲೂ ಕೆಲವರು ಜೀವ ಮತ್ತೆ ಮತ್ತೆ ಬರುತ್ತದೆ ಎಂದು ನಂಬಿದ್ದರಂತೆ, ಅದಕ್ಕೆ ಅವರು ಇಟ್ಟ ಹೆಸರಿನ ಅರ್ಥ ಉರುಳುವುದು ಎಂದಂತೆ. ದೇವಸ್ಥಾನದ ಅಂಗಳದಲ್ಲಿ ಉರುಳುಸೇವೆ ನೋಡಿಕೊಂಡು ಬೆಳೆದ ನನಗೆ ಅಷ್ಟು ಸಾಕಾಯಿತು. ಇನ್ನೇನು, ಅವರೂ ನಮ್ಮವರೇ ಎಂದು ಧೈರ್ಯ ಬಂದು ಬರೆಯಲು ಕೂತೆ. ಬಿಡುಗಡೆಯ ದಿನ ಭಾಷಣಕಾರರೊಬ್ಬರು "ಲೇಖಕಿ ಯಹೂದಿ ಬದುಕನ್ನು ಒಳಗಿನಿಂದ ಕಂಡಿದ್ದಾರೆ" ಎಂದರು. ನಾನು ವೇದಿಕೆಯ ಮೇಲೆ ಗಂಭೀರವಾಗಿ ಕೂತು ಚಪ್ಪಲಿಯನ್ನೇ ನೆನೆಯುತ್ತಿದ್ದೆ.

ಆಮೇಲೆ ಶುರುವಾಯಿತು ನೋಡಿ ಓದುಗರ ಪ್ರತಿಕ್ರಿಯೆ. ಗಲ್ಫಿನಿಂದ ರಜೆಯಲ್ಲಿ ಬಂದಿದ್ದ ನನ್ನ ಗಂಡ ಪುಸ್ತಕವನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ನೋಡಿದರು. ಬೆನ್ನುಡಿಯಲ್ಲಿ 'ಯಹೂದಿ' ಎಂಬ ಪದ ಕಂಡಿತು. ಒಳಗೆ ಹೋಗಿ ಹಳೆಯ ಪೇಪರ್ ತಂದು, ಶಾಲೆಯ ಮಕ್ಕಳು ಪುಸ್ತಕಕ್ಕೆ ಬೈಂಡ್ ಹಾಕುವ ಹಾಗೆ ಅಂಚು ಮಡಚಿ ನೀಟಾಗಿ ಬೈಂಡ್ ಹಾಕಿದರು. "ಓದ್ತೇನೆ ಮಾರಾಯ್ತಿ, ಓದುವುದಿಲ್ಲ ಅಂತ ಹೇಳಿದ್ದಾ? ಏರ್‌ಪೋರ್ಟಿನಲ್ಲಿ ಯಾರಾದ್ರೂ ನೋಡಿ ಎಂತದು ಅಂತ ಕೇಳಿದ್ರೆ ಸುಮ್ಮನೆ ರಗಳೆ" ಎಂದರು. ನನ್ನ ಮೊದಲ ಕಾದಂಬರಿ ವಿದೇಶ ಪ್ರಯಾಣ ಮಾಡಿದ್ದು ಹೀಗೆ, ಕಲ್ಯಾಣಮಂಟಪದ ಜಾಹೀರಾತಿನ ವೇಷದಲ್ಲಿ.

ಬೆಳಿಗ್ಗೆ ವಾಕಿಂಗಿನಲ್ಲಿ ಸಿಗುವ ಒಬ್ಬ ಹಿರಿಯರು ಬೇರೆಯೇ ದಾರಿ ಹಿಡಿದರು. ಪುಸ್ತಕ ಓದಿರಲಿಲ್ಲ, ಆದರೆ ಟಿವಿಯಲ್ಲಿ ಯುದ್ಧದ ಸುದ್ದಿಯನ್ನು ತಪ್ಪದೆ ನೋಡುತ್ತಿದ್ದರು. "ನೀವೀಗ ಯಾವ ಸೈಡು, ಅದು ಹೇಳಿ" ಎಂದು ಕೇಳಿದರು. ನನ್ನ ವ್ಯಾಪಾರಿ ಸತ್ತು ಶತಮಾನಗಳಾದವು, ಅವನಿಗೆ ಸ್ವಂತ ದೇಶ ಅಂತ ಇರಲೇ ಇಲ್ಲ, ಇದ್ದದ್ದು ಬಾಡಿಗೆಯ ಒಂದು ಗೋದಾಮು ಮತ್ತು ಮಂಡಿನೋವು ಎಂದು ವಿವರಿಸಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದ್ರೆ ನೀವು ನ್ಯೂಟ್ರಲ್" ಎಂದು ತೀರ್ಪು ಕೊಟ್ಟು ಮುಂದೆ ನಡೆದರು. ಮರುದಿನದಿಂದ ನನ್ನನ್ನು ಕಂಡರೆ ಸ್ವಲ್ಪ ನಿರಾಸೆಯ ಮುಖ ಮಾಡುತ್ತಾರೆ.

ಎಲ್ಲರಿಗಿಂತ ಹೆಚ್ಚು ಹೆದರಿಕೆ ಇದ್ದದ್ದು ನಮ್ಮ ಫ್ಲ್ಯಾಟಿನ ಕೆಳಗಿನ ಮನೆಯ ಸಿಸಿಲಿಯಾ ಟೀಚರದು. ಕೊಂಕಣಿ ಮಾತಾಡುವ ಕ್ರೈಸ್ತರು, ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿ ನಿವೃತ್ತರಾದವರು. ಪುಸ್ತಕ ಕೊಂಡುಹೋಗಿ ಒಂದು ವಾರದಲ್ಲಿ ಮರಳಿ ತಂದರು. ಒಳಗೆಲ್ಲ ಕೆಂಪು ಶಾಯಿ. "ಶಶಿ, ನೀನು ಬರೆದದ್ದು ಚಂದ ಉಂಟು. ಆದ್ರೆ ಅಬ್ರಹಾಂ, ಮೋಶೆ ಎಲ್ಲ ನಮಗೆ ಚಿಕ್ಕಂದಿನಿಂದ ಗುರ್ತದವರು. ಅವರ ಮನೆಯ ಹುಡುಗನನ್ನು ನಮ್ಮತ್ರ ಒಂದು ಮಾತು ಕೇಳದೆ ನೀನು ಎಂತೆಂತ ಜನ್ಮಕ್ಕೆಲ್ಲ ತಿರುಗಿಸಿದ್ದೀ" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ಒಂದು ಪುಟ ತೆರೆದರು. ಆ ಪುಟದಲ್ಲಿ ನನ್ನ ಧರ್ಮಭೀರು ವ್ಯಾಪಾರಿ ಸಂಜೆಯ ಪ್ರಾರ್ಥನೆ ಮುಗಿಸಿ, ಕೈ ತೊಳೆದು, ಎಟ್ಟಿ ಸುಕ್ಕ ಬಡಿಸಿಕೊಂಡು ತೃಪ್ತಿಯಿಂದ ಉಣ್ಣುತ್ತಾನೆ.

ಎಟ್ಟಿ ಎಂದರೆ ಸಿಗಡಿ, ಸುಕ್ಕ ಎಂದರೆ ಕಾಯಿತುರಿ ಹಾಕಿದ ಒಣ ಮಸಾಲೆಯ ಅಡುಗೆ. ಟೀಚರು ಬೈಬಲ್ ತೆರೆದು ಓದಿ ತೋರಿಸಿದರು: ನೀರಿನಲ್ಲಿ ಇರುವುದರಲ್ಲಿ ರೆಕ್ಕೆಯೂ ಪೊರೆಯೂ ಇರುವುದನ್ನು ಮಾತ್ರ ತಿನ್ನಬಹುದು. ಬಂಗುಡೆ ಆಗಬಹುದು, ಬೂತಾಯಿ ಆಗಬಹುದು. ಎಟ್ಟಿ, ಏಡಿ, ಚಿಪ್ಪಿನೊಳಗಿನ ಮರುವಾಯಿ ಸುತರಾಂ ಆಗದು. ನಾನು ಆ ಪುಟವನ್ನು ಎಷ್ಟು ಪ್ರೀತಿಯಿಂದ ಬರೆದಿದ್ದೆ ಎಂದರೆ ಬರೆಯುವಾಗ ಬಾಯಲ್ಲಿ ನೀರು ಬಂದು ಎದ್ದು ಹೋಗಿ ಫ್ರಿಜ್ಜು ತೆರೆದಿದ್ದೆ. ಅವನ ಪ್ರಾರ್ಥನೆಯ ಟೋಪಿ ಯಾವ ಬಣ್ಣದ್ದಿರಬೇಕು ಎಂದು ತಿಂಗಳುಗಟ್ಟಲೆ ಹುಡುಕಿದವಳಿಗೆ ಅವನ ಬಟ್ಟಲಲ್ಲಿ ಏನಿದೆ ಎಂದು ಅನುಮಾನವೇ ಬರಲಿಲ್ಲ. ಮಂಗಳೂರಿನಲ್ಲಿ ಇಷ್ಟು ವರ್ಷ ಇದ್ದವನು ಎಟ್ಟಿ ತಿನ್ನದೆ ಇದ್ದಾನು ಎಂದು ಕಲ್ಪಿಸಿಕೊಳ್ಳುವಷ್ಟು ಕಲ್ಪನಾಶಕ್ತಿ ನನಗಿರಲಿಲ್ಲ. ಹಳೆಯ ಕಾಲದ ಕವಿಗಳು ಕಾವ್ಯದ ಆರಂಭದಲ್ಲೇ, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಿ ಎಂದು ಕೈಮುಗಿದುಬಿಡುತ್ತಿದ್ದರು. ಅದು ವಿನಯ ಎಂದು ನಾನು ತಿಳಿದಿದ್ದೆ. ಅದು ಮುಂಜಾಗ್ರತೆ ಎಂದು ಈಗ ಅರ್ಥವಾಗಿದೆ.

ಇಷ್ಟೆಲ್ಲ ಆದರೂ ನನ್ನೊಳಗೆ ಒಂದು ಆಸೆ ಇತ್ತು, ಹೇಳಿಕೊಳ್ಳಲು ನಾಚಿಕೆ. ಯಾರಾದರೂ ಒಬ್ಬರು ನನ್ನ ಕತೆಯನ್ನು ನಂಬಬೇಕು. ಚಂದ ಉಂಟು ಎಂದು ಹೇಳುವುದು ಬೇಡ, ತಪ್ಪು ತೆಗೆಯುವುದೂ ಬೇಡ. ಓದಿ ಮುಗಿಸಿ, ಹೌದು ಹೀಗೆಯೇ ಇರಬೇಕು ಎಂದು ಒಂದು ಕ್ಷಣ ಸುಮ್ಮನೆ ಕೂರಬೇಕು. ಬರೆಯುವವರೆಲ್ಲರಿಗೂ ಒಳಗೊಳಗೆ ಇರುವ ದುರಾಸೆ ಇದು. ನನ್ನ ದುರಾಸೆ ಆಟಿ ತಿಂಗಳಲ್ಲಿ ಈಡೇರಿತು, ಮತ್ತು ಅದರಷ್ಟು ದೊಡ್ಡ ಫಜೀತಿ ನನ್ನ ಜನ್ಮದಲ್ಲಿ ಇನ್ನೊಂದಿಲ್ಲ.

ವಾಮಂಜೂರಿನಿಂದ ಸದಾಶಿವನ ಫೋನು ಬಂತು. ಸದಾಶಿವ ನನ್ನ ದೊಡ್ಡಮ್ಮನ ಮಗ, ನನಗಿಂತ ಚಿಕ್ಕವನು. ಅಮ್ಮ, ಹೆಂಡತಿ, ಮಕ್ಕಳೊಂದಿಗೆ ಅಲ್ಲೇ ಮನೆ, ಮೇಲಿನ ಮಹಡಿಯಲ್ಲಿ ಕಾಲೇಜು ಹುಡುಗಿಯರಿಗೆ ಬಾಡಿಗೆಗೆ ರೂಮು. "ಶಶಿಯಕ್ಕ, ಎಂತ ಬರೆದು ಹಾಕಿದ್ದು ನೀವು? ಅಮ್ಮ ಈ ಸಲ ಅಪ್ಪನಿಗೆ ಬಡಿಸುವುದಿಲ್ಲ ಅಂತ ಹಟ ಹಿಡಿದು ಕೂತಿದ್ದಾರೆ. ಕೇಳಿದ್ರೆ ಶಶಿಯ ಪುಸ್ತಕದಲ್ಲಿ ಉಂಟು ಅಂತಾರೆ. ನೀವೇ ಬಂದು ಎಂತದಾದ್ರೂ ಮಾಡಿ."

ನಮ್ಮ ಕಡೆಯ ಈ ಪದ್ಧತಿ ಗೊತ್ತಿಲ್ಲದವರಿಗೆ ಒಂದು ಮಾತು. ಆಟಿ ಎಂದರೆ ಮಳೆಗಾಲದ ನಡುವಿನ ತಿಂಗಳು, ಆಷಾಢದ ಹೊತ್ತು. ಆಗ ತುಳುವರ ಮನೆಗಳಲ್ಲಿ ತೀರಿಕೊಂಡ ಹಿರಿಯರಿಗೆ ಎಲೆ ಹಾಕಿ ಬಡಿಸುತ್ತಾರೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಒಳಗೆ ದೀಪ ಇಟ್ಟು, ಬಾಳೆಲೆಯಲ್ಲಿ ಬಡಿಸಿ, ಬನ್ನಿ ಎಂದು ಕರೆದು, ಬಾಗಿಲು ಹಾಕಿ ಎಲ್ಲರೂ ಹೊರಗೆ ಬಂದು ಕೂರುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತಟ್ಟಿ ಒಳಗೆ ಹೋಗಿ ಮನೆಯವರು ಉಣ್ಣುತ್ತಾರೆ. ಬೇರೆಯವರ ಮನೆಯಲ್ಲಿ ಈ ಸ್ವಲ್ಪ ಹೊತ್ತು ಎಂದರೆ ಹತ್ತು ನಿಮಿಷ ಇದ್ದೀತು. ದೊಡ್ಡಮ್ಮನ ಮನೆಯಲ್ಲಿ ಮಾತ್ರ ಅದು ಎಷ್ಟು ಉದ್ದವೆಂದರೆ ಮಕ್ಕಳು ಹಸಿವಿನಿಂದ ಬಿಸ್ಕತ್ತು ತಿಂದುಬಿಡುತ್ತಾರೆ. ದೊಡ್ಡಪ್ಪ ಸಿಟಿ ಬಸ್ಸಿನ ಡ್ರೈವರ್ ಆಗಿದ್ದರು. ಬದುಕಿದ್ದಷ್ಟು ದಿನ ಅವರು ನಿಂತುಕೊಂಡು, ಗಡಿಯಾರ ನೋಡಿಕೊಂಡು, ಅರ್ಧ ತಿಂದು ಓಡಿದವರು. ಅವರು ಕೂತು ನಿಧಾನವಾಗಿ ಉಣ್ಣುವುದು ತೀರಿಕೊಂಡ ಮೇಲೆಯೇ, ಅದೂ ವರ್ಷಕ್ಕೊಮ್ಮೆ, ಬಾಗಿಲು ಹಾಕಿದ ಮೇಲೆ. ದೊಡ್ಡಮ್ಮನ ವರ್ಷ ಇರುವುದೇ ಆ ಒಂದು ಮಧ್ಯಾಹ್ನಕ್ಕಾಗಿ ಎಂದು ನಮಗೆಲ್ಲ ಗೊತ್ತಿತ್ತು. ಆ ಮಧ್ಯಾಹ್ನವನ್ನು ನನ್ನ ಕಾದಂಬರಿ ಕಿತ್ತುಕೊಂಡಿತ್ತು.

ಬಸ್ಸಿನಲ್ಲಿ ಕೂತು ವಾಮಂಜೂರಿಗೆ ಹೋಗುವಾಗ ಯೋಚಿಸಿದೆ. ನಮ್ಮ ಜನ ಎರಡು ನಂಬಿಕೆಗಳನ್ನು ಒಂದೇ ಮನೆಯಲ್ಲಿ ಸಾಕುತ್ತಾ ಬಂದವರು. ಸತ್ತವರು ಎಲ್ಲೂ ಹೋಗುವುದಿಲ್ಲ, ಮೊದಲೇ ಹೋದ ಹಿರಿಯರ ಜೊತೆ ಸೇರಿ ಮನೆಯಲ್ಲೇ ಇರುತ್ತಾರೆ, ಆಟಿಯಲ್ಲಿ ಉಣ್ಣಲು ಬರುತ್ತಾರೆ ಎನ್ನುವುದು ಒಂದು. ಸತ್ತವರು ಕರ್ಮಕ್ಕೆ ತಕ್ಕಂತೆ ಇನ್ನೊಂದು ಕಡೆ ಹುಟ್ಟುತ್ತಾರೆ ಎನ್ನುವುದು ಇನ್ನೊಂದು. ಹುಟ್ಟಿದ್ದರೆ ಉಣ್ಣಲು ಬರುವವರು ಯಾರು ಎಂದು ಯಾರೂ ಕೇಳಿದವರಲ್ಲ. ಅತ್ತೆ ಸೊಸೆ ಒಂದೇ ಅಡುಗೆಮನೆಯಲ್ಲಿ ಮುಖ ತಿರುಗಿಸಿಕೊಂಡೇ ಸುಖವಾಗಿ ಇರುವ ಹಾಗೆ ಆ ಎರಡು ನಂಬಿಕೆಗಳು ಇದ್ದವು. ನಾನು ಹೋಗಿ ಇಬ್ಬರನ್ನೂ ಎದುರು ಬದುರು ಕೂರಿಸಿ ಮಾತಾಡಿಸಿದ್ದೆ.

ದೊಡ್ಡಮ್ಮ ಮುಂದಿನ ಜಗಲಿಯಲ್ಲಿ ಕೂತು ಹರಿವೆ ಸೊಪ್ಪು ಬಿಡಿಸುತ್ತಿದ್ದರು. ನಾಲ್ಕನೆಯ ಕ್ಲಾಸಿನವರೆಗೆ ಓದಿದವರು, ಆದರೆ ಪೇಪರನ್ನು ಶ್ರದ್ಧಾಂಜಲಿಯ ಫೋಟೋಗಳ ಸಮೇತ ಪೂರ್ತಿ ಓದುತ್ತಾರೆ. ನನ್ನ ಕಾದಂಬರಿಯನ್ನೂ ಒಂದಕ್ಷರ ಬಿಡದೆ ಓದಿದ್ದರು. ನಾವು ಮಾತಾಡುವುದು ತುಳುವಿನಲ್ಲಿ, ನಿಮಗಾಗಿ ಕನ್ನಡಕ್ಕೆ ತಂದಿದ್ದೇನೆ.

"ದೊಡ್ಡಮ್ಮ, ಈ ಸಲ ಬಡಿಸುವುದಿಲ್ಲ ಅಂತ ಹೇಳಿದ್ರಂತೆ?"

"ಹೌದು ಮಗಾ. ನಿನ್ನ ಪುಸ್ತಕ ಓದಿದ ಮೇಲೆ ಧೈರ್ಯ ಬರುವುದಿಲ್ಲ."

"ದೊಡ್ಡಪ್ಪ ಬೇರೆ ಕಡೆ ಹುಟ್ಟಿದ್ದಾರೆ, ಬಡಿಸಿದ್ರೆ ತಿನ್ನುವವರು ಯಾರೂ ಇಲ್ಲ ಅಂತಲಾ?"

ಅವರು ಸೊಪ್ಪು ಕೆಳಗಿಟ್ಟು ನನ್ನನ್ನು ನೋಡಿದರು. "ತಿನ್ನುವವರು ಇಲ್ಲದಿದ್ರೆ ತೊಂದ್ರೆ ಇಲ್ಲ, ನಾವೇ ತಿನ್ನುವುದು. ಹುಟ್ಟಿದ ಮಗು ಎಲ್ಲಿಯೋ ಇರ್ತದಲ್ಲ, ಅದಕ್ಕೆ ಜ್ವರ ಬರ್ತದೆ ಅಂತ ನೀನೇ ಬರೆದದ್ದು."

ಆಗ ನನಗೆ ನೆನಪಾಯಿತು. ಯಹೂದಿಗಳಲ್ಲಿ ತೀರಿಕೊಂಡವರ ಹೆಸರಿನಲ್ಲಿ ವರ್ಷಕ್ಕೊಮ್ಮೆ ದೀಪ ಹಚ್ಚುವ ಪದ್ಧತಿ ಉಂಟು. ಅದನ್ನು ಹಿಡಿದುಕೊಂಡು ನಾನು ಒಂದು ಅಧ್ಯಾಯ ಹೊಸೆದಿದ್ದೆ. ದೂರದೇಶದಲ್ಲಿ ವ್ಯಾಪಾರಿಯ ವಂಶದವರು ಅವನ ಹೆಸರಿನಲ್ಲಿ ದೀಪ ಹಚ್ಚಿದ ದಿನ, ಇಲ್ಲಿ ವಾಮಂಜೂರಿನ ಹುಡುಗಿಗೆ ಜ್ವರ ಬರುತ್ತದೆ. ಹಳೆಯ ಮನೆಯವರು ಕರೆಯುತ್ತಾರೆ, ಹೊಸ ಮನೆಯವರು ಬಿಡುವುದಿಲ್ಲ, ಜೀವ ನಡುವೆ ಸಿಕ್ಕಿ ಮೈ ಬೇಯುತ್ತದೆ ಎಂದು ಬರೆದು, ಆ ವಾಕ್ಯವನ್ನು ನಾಲ್ಕು ಸಲ ಓದಿ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ.

"ಹೋದ ವರ್ಷ ನಾವು ಬಡಿಸಿದ ದಿನವೇ ಆಚೆಮನೆಯ ಅಜ್ಜಿಯ ಪುಳ್ಳಿ ಮಗುವಿಗೆ ಜ್ವರ ಬಂದದ್ದು ಗೊತ್ತುಂಟಾ?" ಎಂದರು ದೊಡ್ಡಮ್ಮ. "ಅದೇ ಮಗು ಅಂತ ನಾನು ಹೇಳುವುದಿಲ್ಲ. ಎಲ್ಲಿಯಾದ್ರೂ ಯಾವುದಾದ್ರೂ ಒಂದು ಮಗು ಆಟವಾಡ್ತಾ ಇದ್ದದ್ದು, ನಾನು ಇಲ್ಲಿ ಬನ್ನಿ ಅಂತ ಕರೆದ ಕೂಡ್ಲೆ ಮಲಗಿಬಿಟ್ರೆ? ಅದರ ತಾಯಿಗೆ ಎಂತ ಗೊತ್ತಿರ್ತದೆ ಪಾಪ? ಡಾಕ್ಟರ ಹತ್ತಿರ ಓಡ್ತಾಳೆ. ನನ್ನ ಆಸೆಗೆ ಬೇರೆಯವರ ಮಗು ಮಲಗ್ಬೇಕಾ?"

ನಾನು ಬರೆದದ್ದನ್ನು ಈ ಹೆಂಗಸು ನನಗಿಂತ ಗಟ್ಟಿಯಾಗಿ ನಂಬಿ, ನಂಬಿದ್ದಕ್ಕೆ ತನ್ನ ಅತಿ ಪ್ರೀತಿಯದ್ದನ್ನೇ ಬಿಡಲು ತಯಾರಾಗಿ ಕೂತಿದ್ದರು. ಅದೂ ಎಲ್ಲೂ ಇಲ್ಲದ ಒಂದು ಮಗುವಿಗಾಗಿ. ಇಂಥ ಓದುಗರಿಗಾಗಿ ಅಲ್ಲವೇ ನಾನು ಹಂಬಲಿಸಿದ್ದು? ಸಿಕ್ಕಿದಾಗ ನನಗೆ ಆದದ್ದು ಸಂತೋಷವಲ್ಲ, ಹೆದರಿಕೆ.

ಆದ್ದರಿಂದ ನನ್ನ ಪುಸ್ತಕವನ್ನು ನಾನೇ ಹರಿಯಲು ಕೂತೆ. ಯಾವ ವಿಮರ್ಶಕರೂ ಅದನ್ನು ಅಷ್ಟು ನಿರ್ದಯವಾಗಿ ಹರಿದಿಲ್ಲ. "ಜ್ವರ ನಾನೇ ಸೇರಿಸಿದ್ದು ದೊಡ್ಡಮ್ಮ. ಜ್ವರ ಬಾರದಿದ್ರೆ ಹುಡುಗಿ ಶಾಲೆಗೆ ಹೋಗ್ತಾಳೆ, ಅವಳ ಮಾವ ಬಂದು ಹಳೇ ಕತೆ ಹೇಳುವಾಗ ಮನೆಯಲ್ಲಿ ಇರುವುದಿಲ್ಲ. ಅದಕ್ಕೋಸ್ಕರ ಬರಿಸಿದ್ದು" ಎಂದೆ.

"ನೀನು ಬರಿಸಿದ್ದು ಅಂತ ನಿನಗೆ ಅನ್ನಿಸಿದ್ದು" ಎಂದರು ದೊಡ್ಡಮ್ಮ.

"ಆಟಿಯಲ್ಲಿ ಮಂಗಳೂರಿನ ಅರ್ಧ ಜನಕ್ಕೆ ಜ್ವರ. ಸೊಳ್ಳೆ ದೊಡ್ಡಮ್ಮ, ಸೊಳ್ಳೆ."

"ಅರ್ಧ ಜನದ ಮನೆಯಲ್ಲಿ ಆಟಿಯಲ್ಲಿ ಬಡಿಸ್ತಾರಲ್ಲ."

ಈ ತರ್ಕಕ್ಕೆ ಉತ್ತರ ಇದ್ದರೆ ನೀವು ನನಗೆ ತಿಳಿಸಬೇಕು. ಕೊನೆಯ ಅಸ್ತ್ರವಾಗಿ ಎಟ್ಟಿ ಸುಕ್ಕದ ಪುಟವನ್ನು ಬಿಟ್ಟೆ. ನಾನು ನಂಬಿಕೆಗೆ ಎಷ್ಟು ಅನರ್ಹಳು ಎಂದು ತೋರಿಸಲು, ಯಹೂದಿಗಳು ಎಟ್ಟಿ ಮುಟ್ಟುವುದಿಲ್ಲ, ಅಷ್ಟೂ ತಿಳಿಯದೆ ಬರೆದವಳು ನಾನು, ಕೆಳಗಿನ ಮನೆಯ ಟೀಚರು ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದಾರೆ ಎಂದು ಎಲ್ಲವನ್ನೂ ಹೇಳಿದೆ. ದೊಡ್ಡಮ್ಮ ಕರುಣೆಯಿಂದ ನನ್ನ ಮೊಣಕೈ ಮುಟ್ಟಿದರು. "ಆ ಟೀಚರಿಗೆ ಎಂತ ಗೊತ್ತುಂಟು? ಹೆಂಡತಿ ಮಕ್ಕಳನ್ನು ಬಿಟ್ಟು ಬಂದವ, ಇಲ್ಲಿ ಒಬ್ಬನೇ. ಯಾರೋ ಪ್ರೀತಿಯಲ್ಲಿ ಬಡಿಸಿರ್ತಾರೆ, ತಿಂದಿರ್ತಾನೆ. ಅದು ನೀನು ಸರಿಯಾಗಿಯೇ ಬರೆದದ್ದು" ಎಂದರು. ಇಡೀ ಪುಸ್ತಕದಲ್ಲಿ ಕಡು ತಪ್ಪೆಂದು ಸಾಬೀತಾದ ಒಂದೇ ಪುಟವನ್ನು ಮೆಚ್ಚಿಕೊಂಡವರು ಅವರೊಬ್ಬರೇ.

ಒಳಗಿನಿಂದ ಸದಾಶಿವ ಇಣುಕಿ, ಏನಾಯಿತು ಎಂದು ಹುಬ್ಬಿನಲ್ಲೇ ಕೇಳಿದ. ನಾನು ಏನೂ ಆಗಲಿಲ್ಲ ಎಂದು ಹುಬ್ಬಿನಲ್ಲೇ ಹೇಳಿದೆ. ದೊಡ್ಡಮ್ಮ ಸೊಪ್ಪಿನ ತಟ್ಟೆ ಹತ್ತಿರ ಎಳೆದುಕೊಂಡರು. "ನೀನು ನನಗೆ ಬೇಜಾರಾಗ್ತದೆ ಅಂತ ಈಗ ಸುಳ್ಳು ಅಂತ ಹೇಳ್ತಿದ್ದೀ. ನನಗೆ ಬೇಜಾರಿಲ್ಲ ಮಗಾ. ಅವರು ಎಲ್ಲಿಯೋ ಒಂದು ತಾಯಿಯ ಮಡಿಲಲ್ಲಿ ಕೂತು ನಿಧಾನ ಉಣ್ತಾರಲ್ಲ, ಅಷ್ಟು ಸಾಕು" ಎಂದರು. ಹಾಗೆ ಹೇಳುವಾಗ ಅವರ ಕೈ ಸೊಪ್ಪನ್ನು ಬಿಟ್ಟು ದಂಟನ್ನು ತಟ್ಟೆಗೆ ಹಾಕುತ್ತಿತ್ತು. ಬೇಜಾರಿಲ್ಲ ಎನ್ನುವ ಮಾತು ಎಷ್ಟು ನಿಜ ಎಂದು ನನಗೆ ತಿಳಿಯಿತು.

ಇಲ್ಲಿಂದ ಮುಂದೆ ನಡೆದದ್ದಕ್ಕೆ ನಾನು ಯೋಜನೆ ಹಾಕಿರಲಿಲ್ಲ. ಬಾಯಿ ತಾನಾಗಿ ತೆರೆಯಿತು.

"ದೊಡ್ಡಮ್ಮ, ಪುಸ್ತಕದಲ್ಲಿ ಒಂದು ಅಧ್ಯಾಯ ಬಿಟ್ಟುಹೋಗಿದೆ."

"ಹೌದಾ? ಯಾಕೆ?"

"ಉದ್ದ ಆಯ್ತು ಅಂತ ತೆಗೆಸಿದ್ದು. ಅದರಲ್ಲಿ, ಆ ದೂರದೇಶದವರು ಒಂದು ವರ್ಷ ದೀಪ ಹಚ್ಚುವುದಿಲ್ಲ."

ದೊಡ್ಡಮ್ಮನ ಕೈ ನಿಂತಿತು. "ಯಾಕೆ ಹಚ್ಚಲಿಲ್ಲ?"

"ಅವರಿಗೂ ಗೊತ್ತಾಯ್ತು. ನಾವು ಕರೆದ್ರೆ ಎಲ್ಲಿಯೋ ಒಂದು ಮಗುವಿಗೆ ಜ್ವರ ಬರ್ತದೆ ಅಂತ. ಪಾಪ ಅಂತ ಬಿಟ್ರು."

"ಮತ್ತೆ? ಹುಡುಗಿ ಹುಷಾರಾದಳಾ?"

"ಇಲ್ಲ. ಜ್ವರ ಬರಲಿಲ್ಲ, ಸರಿಯೇ. ಆದ್ರೆ ಆ ದಿನ ಅವಳಿಗೆ ಊಟ ಸೇರಲಿಲ್ಲ. ಅಮ್ಮ ಏನು ಮಾಡಿಕೊಟ್ರೂ ಬೇಡ ಅಂದಳು. ಜಗಲಿಯಲ್ಲಿ ಕೂತು ರಸ್ತೆ ನೋಡ್ತಾ ಇದ್ದಳು. ಯಾರು ಬರ್ಲಿಕ್ಕುಂಟು ಅಂತ ಕೇಳಿದ್ರೆ ಅವಳಿಗೂ ಗೊತ್ತಿಲ್ಲ. ಕತ್ತಲಾಗುವವರೆಗೆ ಹಾಗೆ ಕೂತಿದ್ದಳು. ಮರುದಿನವೂ ಹಾಗೆ. ವಾರ ಆದ್ರೂ ಹಾಗೆ. ಮಗು ಸೊರಗಿಹೋಯ್ತು."

"ಅಯ್ಯೋ" ಎಂದರು ದೊಡ್ಡಮ್ಮ.

"ಮುಂದಿನ ವರ್ಷ ಆ ಮನೆಯ ಒಬ್ಬ ಅಜ್ಜಿ, ಆಗಿದ್ದಾಗಲಿ ಅಂತ ಮತ್ತೆ ದೀಪ ಹಚ್ಚಿದಳು. ಹುಡುಗಿಗೆ ಒಂದು ದಿನ ಮೈ ಬಿಸಿಯಾಯ್ತು, ಸುಮ್ಮನೆ ಮಲಗಿದಳು. ಬೆಳಿಗ್ಗೆ ಎದ್ದು ಹಸಿವು ಅಂತ ಅಡುಗೆಮನೆಗೆ ಬಂದು ನೀರುದೋಸೆ ಮೇಲೆ ನೀರುದೋಸೆ ತಿಂದಳು." ನಾನು ನಿಲ್ಲಿಸಲಿಲ್ಲ. "ಆ ಒಂದು ದಿನದ ಬಿಸಿ ಎರಡು ಮನೆಯಲ್ಲಿ ಉಂಡದ್ದಕ್ಕೆ ಬರುವುದು ದೊಡ್ಡಮ್ಮ, ಮಕ್ಕಳಿಗೆ ಹೊಟ್ಟೆ ತುಂಬ ಉಂಡ್ರೆ ಆಗುವುದಿಲ್ಲವಾ, ಹಾಗೆ. ಅದರಿಂದ ಏನೂ ಆಗುವುದಿಲ್ಲ. ಕರೆಯದಿದ್ರೆ ಮಾತ್ರ ಮಗು ಕಾಯ್ತಾ ಕೂರ್ತದೆ."

ಅಚ್ಚಾದ ಯಾವ ಪುಟವನ್ನೂ ನಾನು ಹೀಗೆ ಒಂದೇ ಉಸಿರಿನಲ್ಲಿ ಕಟ್ಟಿರಲಿಲ್ಲ. ಮಹಡಿಯಿಂದ ಕಾಲೇಜು ಹುಡುಗಿಯೊಬ್ಬಳು ಕೊಡೆ ಬಿಡಿಸಿಕೊಂಡು ಇಳಿದು ಹೋದಳು. ಆಮೇಲೆ ದೊಡ್ಡಮ್ಮ ಸೆರಗಿನಲ್ಲಿ ಮೂಗು ಒರೆಸಿ, ಒಳಗೆ ತಿರುಗಿ ದೊಡ್ಡ ದನಿಯಲ್ಲಿ, "ಸದಾಶಿವ, ಆದಿತ್ಯವಾರಕ್ಕೆ ಕೋಳಿಗೆ ಹೇಳು. ಊರಿನದ್ದೇ ಆಗ್ಬೇಕು" ಎಂದರು.

ಆದಿತ್ಯವಾರ ನಾನೂ ಹೋದೆ. ಕರೆಯದಿದ್ದರೂ ಹೋಗುತ್ತಿದ್ದೆ. ದೊಡ್ಡಮ್ಮ ಬೆಳಿಗ್ಗೆಯಿಂದ ಯಾರನ್ನೂ ಒಲೆಯ ಹತ್ತಿರ ಬಿಡಲಿಲ್ಲ. ಮ್ಯಾನೇಜರು, ಭಾಷಣಕಾರರು, ಕೆಂಪು ಶಾಯಿ ಎಲ್ಲ ಮರೆತುಹೋಗುವಷ್ಟು ಘಮ ಬರುತ್ತಿತ್ತು. ಕೋಳಿ ಸಾರು, ರೊಟ್ಟಿ, ಒಣ ಬಂಗುಡೆಯ ಚಟ್ನಿ, ಕೊನೆಗೆ ಒಂದು ಬೀಡಿ ಕಟ್ಟು, ಎಲ್ಲವನ್ನೂ ಬಾಳೆಲೆಯಲ್ಲಿ ಇಟ್ಟು, ದೀಪ ಸರಿಮಾಡಿ, ಅವರು ಮೆಲ್ಲನೆ ಕರೆದರು. ಕರೆಯುವ ಮೊದಲು ಒಂದು ಕ್ಷಣ ಅನುಮಾನಿಸಿ ನನ್ನ ಕಡೆ ನೋಡಿದರು. ನಾನು ತಲೆ ಆಡಿಸಿದೆ. ನನ್ನ ಲೇಖಕ ಜೀವನದಲ್ಲಿ ಅಷ್ಟು ದೊಡ್ಡ ಜವಾಬ್ದಾರಿಯ ಸಹಿಯನ್ನು ನಾನು ಇನ್ನೆಲ್ಲೂ ಹಾಕಿಲ್ಲ.

ಬಾಗಿಲು ಹಾಕಿ ನಾವೆಲ್ಲ ಜಗಲಿಗೆ ಬಂದು ಕೂತೆವು. ಮಕ್ಕಳಿಗೆ ಬಿಸ್ಕತ್ತು ಬಂತು. ಸ್ವಲ್ಪ ಹೊತ್ತಾದ ಮೇಲೆ ಸದಾಶಿವ, "ಅಮ್ಮ, ಇನ್ನು ಬಾಗಿಲು ತೆಗೆಯುವಾ?" ಎಂದ. ಕೂತ್ಕೋ ಎಂದು ದೊಡ್ಡಮ್ಮ ಕೈಯಲ್ಲೇ ಹೇಳಿ, ನನ್ನ ಪಕ್ಕಕ್ಕೆ ಸರಿದು, ಬೇರೆಯವರಿಗೆ ಕೇಳದ ಹಾಗೆ ದನಿ ತಗ್ಗಿಸಿದರು.

"ಆ ಬಿಟ್ಟುಹೋದ ಅಧ್ಯಾಯ ಅಂತ ಹೇಳಿದ್ಯಲ್ಲ, ಅದು ನೀನು ಅವತ್ತು ಇಲ್ಲಿಯೇ ಕೂತು ಕಟ್ಟಿದ್ದಲ್ವಾ?"

ಸುಳ್ಳು ಹೇಳಲು ನನ್ನಲ್ಲಿ ಇನ್ನು ಸರಕು ಉಳಿದಿರಲಿಲ್ಲ. "ಹೌದು ದೊಡ್ಡಮ್ಮ" ಎಂದೆ.

"ಚಂದ ಉಂಟು. ಅಚ್ಚು ಹಾಕಿದ್ದು ಅಷ್ಟು ಚಂದ ಇಲ್ಲ."

"ಗೊತ್ತಿದ್ದೂ ಕೋಳಿಗೆ ಹೇಳಿದ್ರಾ?"

"ಮತ್ತೆಂತ ಮಾಡುವುದು? ಕರೀಬಾರದು ಅಂತ ಬರೆದವಳು ನೀನು. ಕರೀಬಹುದು ಅಂತ ನೀನೇ ಬಂದು ಹೇಳ್ಬೇಕಲ್ಲ" ಎಂದು ದೊಡ್ಡಮ್ಮ ಬಾಗಿಲ ಕಡೆ ಕಿವಿ ಕೊಟ್ಟು ಕೂತರು.

ಒಳಗೆ ದೊಡ್ಡಪ್ಪನ ಊಟ ನಡೆದಿತ್ತು. ಹೊರಗೆ ನಮ್ಮಲ್ಲಿ ಯಾರೂ ಅವಸರ ಮಾಡಲಿಲ್ಲ.